ಆರಾಮಿದ್ದವುಗಳ ರಕ್ತ

ನಮ್ಮ ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ರಮಜಾನ್ ಹಬ್ಬಕ್ಕೆ ಮೆಹಂದಿ ಹಚ್ಚಿಕೊಂಡರೆ ಆ ಸೀಳಿನೊಳಗೆ ಬಣ್ಣ ಇಳಿದು, ಉಳಿದ ಉಗುರುಗಳೆಲ್ಲ ಮಾಸಿದ ಮೇಲೂ ಅಲ್ಲೊಂದು ಕಡುಗೆಂಪು ಗೆರೆ ಉಳಿದಿರುತ್ತಿತ್ತು. ದಪ್ಪ ತೊಗಲಿನ ಕೈಗವಸಿನ ಮೇಲಿಂದಲೇ ಒಂದು ದೊಡ್ಡ ಹಣ್ಣುಬಾವಲಿ ಕಚ್ಚಿದ ಗುರುತು ಅದು. ಬಾವಲಿಯ ತಲೆ ಹಿಡಿಯುವಾಗ ದವಡೆಯ ಕೆಳಗೆ ಬರುವುದು ಅದೇ ಹೆಬ್ಬೆರಳು. ಕಚ್ಚಿಸಿಕೊಂಡ ಮೇಲೂ ಅವರು ಹಿಡಿಯುವ ರೀತಿಯನ್ನು ಬದಲಿಸಲಿಲ್ಲ. "ಗಟ್ಟಿ ಹಿಡಿದ್ರ ಅದಕ ಉಸಿರು ಕಟ್ತದ. ಸಡ್ಲ ಹಿಡಿದ್ರ ನನಗ ಕಚ್ತದ. ಕಚ್ಚಲಿ ಬಿಡು, ನನಗ ಸೂಜಿ ಹಾಕ್ಲಾಕ ದವಾಖಾನಿ ಅದ, ಅದಕ ಎಲ್ಲದ?" ಎನ್ನುತ್ತಿದ್ದರು.

ನಾನು ಮಹಾಗಾಂವದವಳು. ಜೋಳ, ತೊಗರಿ ಬೆಳೆಯುವ ಮನೆ. ಬಾವಲಿ ಮನೆಯೊಳಗೆ ಹೊಕ್ಕರೆ ನಮ್ಮವ್ವ ಕದ ಕಿಟಕಿಗಳನ್ನೆಲ್ಲ ತೆರೆದು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಓದಿ, ಅಲ್ಲೇ ಸಂಶೋಧನೆಗೆಂದು ಮೇಡಂ ಕೈಕೆಳಗೆ ಸೇರಿದೆ. ಮೊದಲ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದರು: "ನಿನಗ ಏನು ಕಂಡ್ರ ಅಂಜಿಕಿ ಬರ್ತದ, ಬೇಟಾ?"

"ಬಾವಲಿ ಕಂಡ್ರ ರೀ," ಎಂದುಬಿಟ್ಟೆ. ಸುಳ್ಳು ಹೇಳಲು ಆ ಗಳಿಗೆಯಲ್ಲಿ ತೋಚಲಿಲ್ಲ.

ಅವರು ನಕ್ಕರು. "ಚಲೋ ಆತು. ಅಂಜಾವ್ರ ಕೈ ಮೆತ್ತಗ ಇರ್ತಾವ. ನಾಳಿಂದ ಬಾ."

ಹುಡುಗರು ಅವರನ್ನು ಹಿಂದಿನಿಂದ 'ಬಾವಲಿ ಮೇಡಂ' ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ಹಾಜರಿ ತೆಗೆದುಕೊಳ್ಳುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಕೀಚ್ ಎಂದು ಬಾವಲಿಯ ದನಿ ಮಾಡಿದರು. ಮೇಡಂ ತಲೆಯೆತ್ತದೆ, "ಅದು ಮರಿ ತನ್ನ ಅವ್ವನ್ನ ಕರಿಯೋ ದನಿ. ನಿಮ್ಮವ್ವ ಬಂದಾಳೇನು ನೋಡು, ಬಾಗಲದಾಗ," ಎಂದರು. ಇಡೀ ತರಗತಿ ನಕ್ಕಿತು. ಆಮೇಲೆ ಆ ದನಿ ಕೇಳಿಸಲಿಲ್ಲ.

ಅವರು ಈ ಕೆಲಸಕ್ಕೆ ಇಳಿಯಲು ಕಾರಣವಾದದ್ದು ಒಂದು ಬೇಸಿಗೆ. ನಾನು ಸೇರುವುದಕ್ಕಿಂತ ಮುಂಚಿನ ಮಾತು. ಕಮಲಾಪುರದ ಹತ್ತಿರ, ಹಳ್ಳದ ದಂಡೆಯ ಹೊಲವೊಂದರಲ್ಲಿ ಹಳೆಯ ಹುಣಸೆ ಮರಗಳ ಸಾಲಿದೆ. ಅದರ ತುಂಬ ಹಣ್ಣುಬಾವಲಿಗಳು ತಲೆಕೆಳಗಾಗಿ ತೂಗಿಕೊಂಡಿರುತ್ತಿದ್ದವು. ಆ ವರ್ಷದ ಬಿಸಿಲಿಗೆ ಅವು ಮಟಮಟ ಮಧ್ಯಾಹ್ನ ಒಂದೊಂದಾಗಿ ಉದುರತೊಡಗಿದವಂತೆ. ಆ ಹೊಲದ ಒಡೆಯನಾದ ಮುದುಕ, ನಾವೆಲ್ಲ ಮುತ್ಯಾ ಎಂದು ಕರೆಯುತ್ತಿದ್ದವರು, ಇನ್ನೂ ಜೀವವಿದ್ದ ಎರಡನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಹಸಿ ಗೋಣಿ ಹೊದಿಸಿಕೊಂಡು ಬಸ್ಸು ಹತ್ತಿ ಕಾಲೇಜಿಗೆ ಬಂದರು. ಮೇಡಂ ರಕ್ತ ತೆಗೆದರು, ಎಣಿಸಿದರು. ಕೆಂಪು ಕಣ ಇಷ್ಟು, ಬಿಳಿ ಕಣ ಇಷ್ಟು, ಸಕ್ಕರೆ ಇಷ್ಟು ಎಂದು ಎಲ್ಲ ಅಂಕಿಯೂ ಬಂತು. ಆದರೆ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಅವರ ಬಳಿ ಏನೂ ಇರಲಿಲ್ಲ. ಮನುಷ್ಯರ ರಕ್ತ ಪರೀಕ್ಷೆಯ ಚೀಟಿಯಲ್ಲಿ ಪಕ್ಕದಲ್ಲೇ ಅಚ್ಚಾಗಿರುತ್ತದಲ್ಲ, ಇಷ್ಟರಿಂದ ಇಷ್ಟರವರೆಗೆ ಇದ್ದರೆ ಸರಿ ಎಂದು? ನಮ್ಮ ಸೀಮೆಯ ಬಾವಲಿಗಳಿಗೆ ಆ ಪಕ್ಕದ ಸಾಲು ಇರಲಿಲ್ಲ. ಸಂಜೆಯೊಳಗೆ ಎರಡೂ ಸತ್ತವು. ಮುತ್ಯಾ, "ಏನಾಗಿತ್ತ್ರೀ ಅವಕ?" ಎಂದು ಕೇಳಿದಾಗ ಮೇಡಂಗೆ ಉತ್ತರ ಕೊಡಲಾಗಲಿಲ್ಲ.

"ಆರಾಮಿದ್ದದ್ದು ಹೆಂಗಿರ್ತದ ಗೊತ್ತಿಲ್ದ, ಆರಾಮಿಲ್ದದ್ದನ್ನ ಏನು ಗುರ್ತು ಹಿಡೀತಿ?" ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. ಹಾಗೆ ಶುರುವಾದದ್ದು ಆರಾಮವಾಗಿರುವ ಬಾವಲಿಗಳ ರಕ್ತ ಅಳೆಯುವ ಕೆಲಸ. ಗಂಡು, ಹೆಣ್ಣು, ಬಸುರಿ, ಮರಿಯಿರುವ ತಾಯಿ, ಎಳೆಯವು, ಹೀಗೆ ಎಲ್ಲ ಬಗೆಯವು ಬೇಕಿತ್ತು. ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲದರಲ್ಲೂ ಬೇಕಿತ್ತು.

ಬಾವಲಿಗಳು ರಾತ್ರಿಯೆಲ್ಲ ಹಣ್ಣು ತಿಂದು ನಸುಕಿನಲ್ಲಿ ಮರಕ್ಕೆ ಮರಳುತ್ತವೆ. ನಾವು ಅದಕ್ಕಿಂತ ಮುಂಚೆ ಹೋಗಿ, ಬಿದಿರಿನ ಗಳಗಳ ನಡುವೆ ಕೂದಲೆಳೆಯಂಥ ಬಲೆ ಕಟ್ಟಬೇಕು. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು ಮೇಡಂ ಅವರ ಯಜಮಾನರು. ಸೂಪರ್ ಮಾರ್ಕೆಟ್ ಎಂದು ಕರೆಯುವ ಕಲಬುರಗಿಯ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಅಂಗಡಿಯ ವ್ಯಾನಿನಲ್ಲೇ ನಮ್ಮ ಸವಾರಿ. ಹೊಲ ಮುಟ್ಟಿದೊಡನೆ ಅವರು ಸೀಟು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಡುತ್ತಿದ್ದರು. ಕೆಲಸ ಮುಗಿಸಿ ಬಂದಾಗ ಟವೆಲ್ ತೆಗೆಯದೆಯೇ ಕೇಳುತ್ತಿದ್ದರು, "ಎಷ್ಟು ಗಿರಾಕಿ ಬಂದ್ರು ಇವತ್ತ?" ಕಡಿಮೆ ಎಂದರೆ, "ನಮ್ಮ ಅಂಗಡೀದೂ ಅದೇ ಹಾಲ್ ಅದ," ಎಂದು ಸಮಾಧಾನ ಮಾಡುವರು. ಹಿಡಿದ ಬಾವಲಿಗಳನ್ನು ಹಾಕಿಡಲು ಬೇಕಾದ ಚೀಲಗಳೂ ಅವರ ಅಂಗಡಿಯ ಕಟ್‌ಪೀಸಿನಿಂದ ಹೊಲಿದವು. ಗುಲಾಬಿ ಹೂವಿನ, ನೀಲಿ ಬಳ್ಳಿಯ ಚೀಲಗಳು ಹುಣಸೆಯ ಕೊಂಬೆಯಿಂದ ಇಳಿಬಿದ್ದು ಅಲುಗಾಡುವುದನ್ನು ಕಂಡು ದಾರಿಹೋಕರು ನಿಂತು ನೋಡುತ್ತಿದ್ದರು.

ಕೊರೊನಾ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮೇಡಂ ನಮಗೆ ಮಾಸ್ಕು, ಕೈಗವಸು ಹಾಕಿಸಿದ್ದರು. ಕಾಡುಪ್ರಾಣಿಯ ಹತ್ತಿರ ಹೋಗುವಾಗ ಅದಕ್ಕೂ ನಮ್ಮಿಂದ ಏನೂ ಬರಬಾರದು, ನಮಗೂ ಅದರಿಂದ ಏನೂ ಬರಬಾರದು ಎಂಬುದು ಅವರ ಕಟ್ಟಳೆ. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಬಲೆಗೆ ಬಿದ್ದ ಬಾವಲಿಯ ರಕ್ತವನ್ನು ಬೇಗ ತೆಗೆಯಬೇಕು. ಹೆದರಿದ ಪ್ರಾಣಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ, ಬಿಳಿ ಕಣಗಳ ಲೆಕ್ಕ ತಪ್ಪುತ್ತದೆ. ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿದ್ದನ್ನು ಅವರು ಸೂಜಿ ಮುಟ್ಟಿಸದೆ ಬಿಟ್ಟುಬಿಡುತ್ತಿದ್ದರು. ಅಷ್ಟು ದೂರ ಹೋಗಿ, ಅಷ್ಟು ಕಷ್ಟಪಟ್ಟು ಹಿಡಿದದ್ದನ್ನು ಬಿಡುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ರೆಕ್ಕೆಯನ್ನು ಅರಳಿಸಿ ಬೆಳಕಿಗೆ ಹಿಡಿದರೆ ತೆಳ್ಳನೆಯ ತೊಗಲಿನಲ್ಲಿ ರಕ್ತನಾಳಗಳು ಎಲೆಯ ನರಗಳಂತೆ ಕಾಣುತ್ತವೆ. ರೆಕ್ಕೆಯ ಮುಂದಿನ ಅಂಚಿನ ನಾಳಕ್ಕೆ ಸಣ್ಣ ಸೂಜಿ ಚುಚ್ಚಿ, ಉಕ್ಕಿದ ಹನಿಯನ್ನು ಗಾಜಿನ ಎಳೆಯಂಥ ಕೊಳವೆಗೆ ಏರಿಸಿಕೊಳ್ಳುವುದು. ಆಮೇಲೆ ಹತ್ತಿ ಒತ್ತಿ, ರಕ್ತ ನಿಂತ ಮೇಲೆ ಹಣ್ಣಿನ ರಸವನ್ನು ಹನಿ ಹನಿಯಾಗಿ ಬಾಯಿಗೆ ಬಿಡುವುದು. ಅವು ನಾಲಿಗೆ ಚಾಚಿ ನೆಕ್ಕುತ್ತಿದ್ದವು. ಮುಖ ನಾಯಿಮರಿಯ ಹಾಗೆ, ಕಣ್ಣು ದೊಡ್ಡವು. ನನ್ನ ಅಂಜಿಕೆ ಹೋದದ್ದು ಅವು ರಸ ನೆಕ್ಕುವುದನ್ನು ನೋಡಿದ ಮೇಲೆ.

ಮನೆಯಲ್ಲಿ ಮೇಡಂ ಅವರ ಅತ್ತೆ ಇದ್ದರು. ಎಲ್ಲರೂ ಅವರನ್ನು ಅಮ್ಮಿ ಎನ್ನುತ್ತಿದ್ದರು. ಮೇಡಂಗೆ ಮಕ್ಕಳಿರಲಿಲ್ಲ. ಮೂವರದೇ ಸಂಸಾರ. ಬಾವಲಿ ಹಿಡಿದು ಬಂದ ದಿನ ಮೇಡಂ ಮೈಯಿಂದ ಒಂದು ಘಾಟು ಬರುತ್ತಿತ್ತು. ಅಮ್ಮಿ ಅವರನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. "ಹಿತ್ತಲದಾಗ ಜಳಕ ಮಾಡ್ಕೊಂಡು ಬಾ. ಪ್ರೊಫೆಸರ್ ಅಂತ, ಪ್ರೊಫೆಸರ್!" ಎಂದು ಬೈಯುತ್ತಲೇ ಹಿತ್ತಲಿಗೆ ಕಾಯ್ದ ನೀರು ಸಾಗಿಸುತ್ತಿದ್ದರು. ನನಗೂ ಒಂದು ಬಕೆಟ್. ಜಳಕವಾದ ಮೇಲೆ ಒಳಗೆ ಕೂರಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಕೊಡುವರು. ಅತ್ತೆ ಸೊಸೆಯರ ನಡುವೆ ಮಾತು ಕಡಿಮೆ, ಜಗಳ ಜಾಸ್ತಿ, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಉಂಡದ್ದನ್ನು ನಾನು ನೋಡಲಿಲ್ಲ.

ಆಮೇಲೆ ಕೊರೊನಾ ಬಂತು. ದೇಶದಲ್ಲಿ ಎಲ್ಲರಿಗಿಂತ ಮೊದಲು ಹೆದರಿದ ಊರುಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಬೀದಿಗಳು ಖಾಲಿಯಾದವು. ಟಿವಿಯಲ್ಲಿ ದಿನವಿಡೀ ಬಾವಲಿಯ ಚಿತ್ರ ತೋರಿಸಿದರು. ಯಾವ ದೇಶದ ಯಾವ ಬಾವಲಿಯೋ ಯಾರಿಗೂ ಬೇಕಿರಲಿಲ್ಲ. ನಾನು ಮಹಾಗಾಂವದ ಮನೆಯಲ್ಲೇ ಉಳಿದಿದ್ದೆ. ಒಂದು ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಮುತ್ಯಾ ಮೇಡಂಗೆ ಫೋನ್ ಮಾಡಿ, "ಮೇಡಮ್ಮರ, ಹುಡುಗ್ರು ಮರಕ್ಕ ಬೆಂಕಿ ಇಟ್ಟಾರ್ರಿ. ನನ್ನ ಮಾತು ಯಾರೂ ಕೇಳವಲ್ರು," ಎಂದು ಅತ್ತರಂತೆ.

ಯಜಮಾನರು ಕಿರಾಣಿ ಹೋಲ್‌ಸೇಲಿನ ಗೆಳೆಯನ ಲಾಕ್‌ಡೌನ್ ಪಾಸು ತಂದು, ನೆಪಕ್ಕೆ ವ್ಯಾನಿನಲ್ಲಿ ಎರಡು ಚೀಲ ಅಕ್ಕಿ ಹೇರಿಕೊಂಡು ಹೊರಟಿದ್ದರು. ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು.

ಮರದ ಬುಡದಲ್ಲಿ ಸುಟ್ಟ ಟೈರುಗಳು ಇನ್ನೂ ಹೊಗೆಯಾಡುತ್ತಿದ್ದವು. ಪಟಾಕಿಯ ಕಾಗದ ಎಲ್ಲೆಡೆ ಚೆಲ್ಲಿತ್ತು. ಕೆಳಗಿನ ಕೊಂಬೆಗಳು ಕರಿದಾಗಿ, ನೆಲದ ತುಂಬ ಬಾವಲಿಗಳು ಬಿದ್ದಿದ್ದವು. ಅದು ಅವು ಮರಿ ಹಾಕುವ ಕಾಲ. ಮರಿಗಳನ್ನು ಎದೆಗೆ ಅವಚಿಕೊಂಡ ತಾಯಿಬಾವಲಿಗಳು ಬೇಗ ಹಾರಲಾರದೆ ಹೊಗೆಗೆ ಸಿಕ್ಕಿದ್ದವು. ಸತ್ತ ತಾಯಿಯೊಂದರ ಮೊಲೆಯನ್ನು ಮರಿ ಇನ್ನೂ ಬಿಟ್ಟಿರಲಿಲ್ಲ. ಕೆಲವು ಜೀವವಿದ್ದವು. ಸುಟ್ಟ ರೆಕ್ಕೆಯನ್ನು ಎಳೆದುಕೊಂಡು, ಮರದ ಬುಡ ಹತ್ತಲು ಹೋಗಿ ಜಾರಿ ಬೀಳುತ್ತಿದ್ದವು.

ನನ್ನ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ಹೋಯಿತು. ಪೆಟ್ಟಿಗೆ ತೆರೆದು ಗಾಜಿನ ಕೊಳವೆ ತೆಗೆದೆ. ನಮ್ಮ ಲೆಕ್ಕದಲ್ಲಿ ಕೊರತೆ ಬಿದ್ದಿದ್ದದ್ದು ಮರಿಯಿರುವ ತಾಯಂದಿರದೇ. ಅವನ್ನು ಹಿಡಿಯಲು ಮೇಡಂ ಹಿಂಜರಿಯುತ್ತಿದ್ದರು.

"ಒಳಗಿಡು," ಎಂದರು ಮೇಡಂ.

"ಮತ್ತ ಇಷ್ಟು ಹತ್ರ ಸಿಗಾಂಗಿಲ್ರಿ, ಮೇಡಂ..."

"ಇದು ಅವುಗಳ ರಕ್ತ ಅಲ್ಲ, ಬೇಟಾ. ಇದು ಅಂಜಿಕಿ. ಅಂಜಿಕೀನ ಎಣಿಸಿ ನಾರ್ಮಲ್ ಅಂತ ಬರೀಲೇನು?"

ಅವರು ಮಂಡಿಯೂರಿ ಕೂತರು. ಉಳಿಯಬಲ್ಲವು ಯಾವುವು, ಉಳಿಯಲಾರದವು ಯಾವುವು ಎಂದು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರು. ಉಳಿಯಬಲ್ಲವುಗಳಿಗೆ ನಾನು ನೀರು ಹನಿಸಿ, ನೆರಳಿನ ಮರಕ್ಕೆ ತೂಗುಹಾಕುತ್ತ ಹೋದೆ. ರೆಕ್ಕೆ ಪೂರ್ತಿ ಸುಟ್ಟುಹೋದವನ್ನು ಮೇಡಂ ತಾವೇ ಇಟ್ಟುಕೊಂಡರು. ಮೂರ್ಛೆ ಬರಿಸುವ ಔಷಧಿಯನ್ನು ಅವುಗಳಿಗೆ ಹೆಚ್ಚಿಗೆ ಕೊಟ್ಟು, ಉಸಿರು ನಿಲ್ಲುವ ತನಕ ಅಂಗೈಯಲ್ಲೇ ಹಿಡಿದುಕೊಂಡಿದ್ದರು. ಅಷ್ಟು ವರ್ಷಗಳಲ್ಲಿ ತಮ್ಮ ಕೈಯಲ್ಲಿ ಒಂದು ಬಾವಲಿಯೂ ಸಾಯಬಾರದೆಂದು ಎಚ್ಚರ ವಹಿಸಿದ್ದವರು ಆ ಬೆಳಿಗ್ಗೆ ಎಷ್ಟನ್ನು ಕೊಂದರೋ ನಾನು ಎಣಿಸಲಿಲ್ಲ, ಅವರೂ ಎಣಿಸಲಿಲ್ಲ. ಯಜಮಾನರು ಮುತ್ಯಾನ ಸಲಿಕೆ ಇಸಿದುಕೊಂಡು ಕುಣಿ ತೋಡಿದರು. ಗಿರಾಕಿಯ ಮಾತು ಅಂದು ಬರಲಿಲ್ಲ.

ಅಷ್ಟರಲ್ಲಿ ಐದಾರು ಹುಡುಗರು ಬಂದು ಬದುವಿನ ಮೇಲೆ ನಿಂತರು. ಅವರೂ ಹೆದರಿದವರೇ. ಒಬ್ಬ, "ಮೇಡಂ, ಇವು ಜಡ್ಡು ತರ್ತಾವ್ರಿ. ನಮಗೂ ಮನ್ಯಾಗ ಸಣ್ಣ ಸಣ್ಣ ಮಕ್ಕಳವ," ಎಂದ.

ಮೇಡಂ ತಲೆಯೆತ್ತಿದರು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ತರಗತಿಯಲ್ಲಿ ಇದ್ದಂತೆಯೇ ಇತ್ತು. "ಈ ಜಡ್ಡು ನಿಮಗ ಇವುಗಳಿಂದ ಬರಾಂಗಿಲ್ಲಪ್ಪ. ಮಂದಿಯಿಂದ ಬರ್ತದ. ಹಂಗ ಒಬ್ಬರಿಗೊಬ್ರು ಹತ್ತಿ ನಿಂದರಬ್ಯಾಡ್ರಿ. ಮೂಗಿಗೆ ಅರಿವಿ ಕಟ್ಕೋರಿ."

ಗುಂಪಿನ ಹಿಂದಿದ್ದ ಒಬ್ಬ ಅವರ ತಲೆಯ ಮೇಲಿನ ದುಪಟ್ಟಾ ನೋಡಿ ಏನೋ ಅಂದ. ಆ ದಿನಗಳಲ್ಲಿ ಅಂಥ ಮಾತು ಎಲ್ಲ ಕಡೆ ಕೇಳುತ್ತಿತ್ತು. ಮೇಡಂಗೆ ಕೇಳಿಸಿತು. ಯಜಮಾನರಿಗೂ ಕೇಳಿಸಿತು. ಅವರ ಸಲಿಕೆ ಒಂದು ಗಳಿಗೆ ನಿಂತು, ಮತ್ತೆ ಮಣ್ಣಿಗೆ ಇಳಿಯಿತು.

ಮರುವರ್ಷ ಎರಡನೆಯ ಅಲೆ ಬಂದಾಗ ಆ ಸಲಿಕೆ ಹಿಡಿದವರು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ಒಂದು ದಿನ ಹೋಯಿತು, ಆಕ್ಸಿಜನ್ ಸಿಗಲು ಇನ್ನೊಂದು ದಿನ. ಮೇಡಂ ಅದೇ ಹೊತ್ತಿಗೆ ಜ್ವರ ಬಂದು ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಗಂಡನ ಮುಖವನ್ನು ಕೊನೆಗೆ ನೋಡಲು ಅವರಿಗೆ ಆಗಲಿಲ್ಲ. ಅಮ್ಮಿಗೂ ಬಂದಿತ್ತು, ಆ ವಯಸ್ಸಿನಲ್ಲೂ ಅವರು ಚೇತರಿಸಿಕೊಂಡಿದ್ದರು.

ಓಡಾಟಕ್ಕೆ ಬಿಟ್ಟ ಮೇಲೆ ನಾನು ಮೇಡಂ ಮನೆಗೆ ಹೋದೆ. ಗೇಟಿನ ಬಳಿ ಇರುವಾಗಲೇ ಒಳಗಿನಿಂದ ಅಮ್ಮಿಯ ಕೂಗು ಕೇಳಿಸಿತು. "ಇನೇಚ್ ಖಾಯೀ ಮೇರೆ ಬಚ್ಚೇಕು!" ನನ್ನ ಮಗನನ್ನು ಇವಳೇ ತಿಂದಳು ಎಂದು. ಆ ಹಾಳು ಪ್ರಾಣಿಗಳ ರೋಗವನ್ನು ಮೈಗೆ ಮೆತ್ತಿಕೊಂಡು ಬಂದು ನನ್ನ ಮನೆಯ ದೀಪ ಆರಿಸಿದಳು ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮೇಡಂ ಅಡುಗೆಮನೆಯ ಹೊಸ್ತಿಲ ಮೇಲೆ ತೊಗರಿಬೇಳೆ ಆರಿಸುತ್ತ ಕೂತಿದ್ದರು. ನನ್ನನ್ನು ಕಂಡು, "ಬಾ, ಕೂಡು," ಎಂದರು, ಅಷ್ಟೇ. ಓಣಿಯವರೂ ಅಮ್ಮಿಯ ಮಾತನ್ನೇ ನಂಬಿದರು. ಎದುರುಮನೆಯವರು ತಮ್ಮ ಮಕ್ಕಳನ್ನು ಮೇಡಂ ಹಾದುಹೋಗುವಾಗ ಒಳಗೆ ಕರೆದುಕೊಳ್ಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಕಾಲೇಜು ಶುರುವಾದ ಮೇಲೆ ಒಂದು ದಿನ, ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ನೀವು ಆ ಮರದ ಕಡೆ ಹೋಗಿ ವರ್ಷದ ಮ್ಯಾಲಾಗಿತ್ತು. ಬಾವಲಿಯಿಂದ ಬಂದಿಲ್ಲ ಅಂತ ಅಮ್ಮಿಗೆ ಯಾಕ ಹೇಳಂಗಿಲ್ರಿ?"

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕೈಯಲ್ಲಿ ಹಿಡಿದಿದ್ದ, ಬಿಳಿ ಕಣ ಎಣಿಸುವ ಪುಟ್ಟ ಯಂತ್ರದ ಗುಂಡಿಯ ಸದ್ದು ಮಾತ್ರ ನಿಂತಿತು.

"ಅಮ್ಮಿಯ ತಂಗಿ ಮೊಮ್ಮಗನ ಮದುವಿ ಇತ್ತು. ನಾ ಬ್ಯಾಡ ಅಂದಿದ್ದೆ. ಅಮ್ಮಿ ಹಟ ಹಿಡಿದ್ರು, ನಾ ಸತ್ತ ಮ್ಯಾಲ ಹೋಗ್ತೀರೇನು ಅಂದ್ರು. ಇವರು ತಾಯಿ ಮಾತು ಮೀರ್ಲಿಲ್ಲ, ಕರ್ಕೊಂಡು ಹೋದ್ರು. ಬಂದ ಮ್ಯಾಲ ಮೊದಲು ಜ್ವರ ಬಂದದ್ದು ಅಮ್ಮಿಗೆ. ಅಮ್ಮಿ ಮಗ್ಗಲಿಗೆ ಕುಂತು ಗಂಜಿ ಕುಡಿಸಿದವರು ಇವರು. ಆಮ್ಯಾಲ ಇವರಿಗೆ. ಕಡೀಕ ನನಗ."

ಅವರು ಗಾಜಿನ ಪಟ್ಟಿಯನ್ನು ಬೆರಳಿನಿಂದ ತುಸು ಸರಿಸಿದರು.

"ಬಾವಲಿದಲ್ಲ ಅಂದ್ರ, ಮತ್ತ ಯಾರದು ಅಂತ ಕೇಳ್ತಾರ. ಏನು ಹೇಳ್ಲಿ? ಆ ಮಾತು ಕೇಳಿದ್ರ ಮುದುಕಿ ಜೀವ ಹಿಡಿಯಾಂಗಿಲ್ಲ, ಬೇಟಾ. ನನ್ನ ಮ್ಯಾಲ ಸಿಟ್ಟಿದ್ರ ಎದ್ದು ಕೂಡ್ತಾರ, ಬೈತಾರ, ಬೈದು ದಣದು ಎರಡು ರೊಟ್ಟಿ ತಿಂತಾರ. ಇರಲಿ ಬಿಡು. ನೀನೂ ಇದನ್ನ ಇಲ್ಲೇ ಬಿಡು."

ಮತ್ತೆ ಗುಂಡಿಯ ಟಕಟಕ ಶುರುವಾಯಿತು. ಆ ಮಾತನ್ನು ಅವರು ಇನ್ನೊಮ್ಮೆ ಆಡಲಿಲ್ಲ.

ಸೂಪರ್ ಮಾರ್ಕೆಟ್ಟಿನ ಅಂಗಡಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟರು. ವ್ಯಾನು ಮಾರಿದರು. ಅತ್ತೆ ಸೊಸೆ ಅದೇ ಮನೆಯಲ್ಲಿ ಉಳಿದರು. ಬೈಯುವುದೊಂದು ಬಿಟ್ಟರೆ ಅಮ್ಮಿ ಸೊಸೆಯ ಜೊತೆ ನೇರ ಮಾತಾಡುತ್ತಿರಲಿಲ್ಲ. ಹೇಳಬೇಕಾದದ್ದನ್ನು ಮನೆಯ ಬೆಕ್ಕಿಗೆ ಹೇಳುವರು. "ಉಪ್ಪು ಜಾಸ್ತಿ ಆಗ್ಯದ ಅಂತ ಹೇಳು ಆಕಿಗೆ." ಮೇಡಂ ಇದನ್ನು ನನಗೆ ನಗುತ್ತಲೇ ಹೇಳುತ್ತಿದ್ದರು. ಆದರೆ ಅವರು ಇಳಿದುಹೋಗಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ಆಮೇಲೆ ಬಳೆ ತೊಡುವುದನ್ನೇ ಬಿಟ್ಟರು. ಮನೆಗೆ ಹೋಗುವ ಹೊತ್ತನ್ನು ಆದಷ್ಟು ಮುಂದೂಡಿ, ಮಧ್ಯಾಹ್ನದ ಡಬ್ಬಿಯನ್ನು ಸಂಜೆ ತೆರೆಯುತ್ತಿದ್ದರು.

ಬಾವಲಿ ಹಿಡಿಯಲು ಮಾತ್ರ ಮತ್ತೆ ಹೋಗಲಿಲ್ಲ. ಮಗ ಹೋದ ಹೊಸತರಲ್ಲೇ ಅಮ್ಮಿ ಅವರ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದರು. "ನೀ ಹೋಗು," ಎಂದು ನನ್ನನ್ನು ಕಳಿಸಿದರು. ನಾನು ಕಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ, ಮುತ್ಯಾನ ಮನೆಯಲ್ಲಿ ಉಳಿದು, ನಸುಕಿಗೆ ಬಲೆ ಕಟ್ಟುತ್ತಿದ್ದೆ. ಸುಟ್ಟ ಮರಗಳನ್ನು ಬಿಟ್ಟು ಬಾವಲಿಗಳು ಹಳ್ಳದ ಆಚೆ ದಂಡೆಯ ಮರಗಳಿಗೆ ಹೋಗಿದ್ದವು. ಮೊದಲಿನಷ್ಟು ಇರಲಿಲ್ಲ. ಅರ್ಧವೂ ಇರಲಿಲ್ಲ. ಮರಿಯಿರುವ ತಾಯಂದಿರ ಲೆಕ್ಕ ತುಂಬಲು ಹಲವು ಬೇಸಿಗೆ ಹಿಡಿಯಿತು. ಒದ್ದಾಡಿದವನ್ನು ನಾನೂ ಸೂಜಿ ಮುಟ್ಟಿಸದೆ ಬಿಟ್ಟೆ.

ಕೊನೆಗೊಂದು ದಿನ ಎಲ್ಲ ಅಂಕಿಗಳೂ ಸೇರಿ, ಇಷ್ಟರಿಂದ ಇಷ್ಟರವರೆಗೆ ಎಂಬ ಆ ಸಾಲು ಸಿದ್ಧವಾಯಿತು. ಗಂಡಿಗೊಂದು, ಹೆಣ್ಣಿಗೊಂದು, ಬಸುರಿಗೊಂದು, ಬಾಣಂತಿಗೊಂದು. ನಾನು ಅದನ್ನು ಅಚ್ಚು ಮಾಡಿ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. "ಮುತ್ಯಾಗೊಂದು ಫೋನ್ ಹಚ್ಚು," ಎಂದರು. ಹಚ್ಚಿಕೊಟ್ಟೆ. "ಮುತ್ಯಾ, ನೀವು ಬುಟ್ಟ್ಯಾಗ ಎರಡು ತಂದಿದ್ರಿ ನೋಡ್ರಿ. ಅವುಗಳ ಮೈಯಾಗ ನೀರು ಪೂರಾ ಬತ್ತಿತ್ರಿ. ರಕ್ತ ಮಂದ ಆಗಿತ್ತು. ಅವತ್ತ ನನಗ ಹೇಳ್ಲಾಕ ಬರ್ಲಿಲ್ಲ." ಆ ಕಡೆಯಿಂದ ಮುತ್ಯಾ ಏನೆಂದರೋ ಕೇಳಿಸಲಿಲ್ಲ. ಮೇಡಂ ಬಹಳ ಹೊತ್ತು ಫೋನನ್ನು ಕಿವಿಗೆ ಹಿಡಿದು ಕೂತಿದ್ದರು.

ಅದೇ ವರ್ಷ, ಪರೀಕ್ಷೆಗಳು ನಡೆದಿದ್ದಾಗ, ಅವರು ಬೆಳಿಗ್ಗೆ ಕಾಲೇಜಿನ ಮೆಟ್ಟಿಲ ಮೇಲೆ ಚೀಲ ಇಟ್ಟು ಕೂತುಬಿಟ್ಟರು. ಮುಖದ ತುಂಬ ಬೆವರು. "ಎದಿ ಬಿಗೀಲಾಕತ್ತದ," ಎಂದರು. ನಾನು ಆಟೋ ಕರೆದು ಅವರನ್ನು ಮೈಗೆ ಆನಿಸಿಕೊಂಡು ಕೂತೆ. ಸೂಪರ್ ಮಾರ್ಕೆಟ್ಟಿನಲ್ಲಿ ಆಟೋ ಸಿಕ್ಕಿಬಿತ್ತು. ಮುಂದೆ ತಳ್ಳುಗಾಡಿ, ಹಿಂದೆ ಟೆಂಪೊ, ಎಡಬಲಕ್ಕೆ ಆಟೋಗಳು. ಚಾಲಕ ಇಳಿದು, "ಭಾಯ್, ಪೇಶಂಟ್ ಹೈ, ರಸ್ತಾ ದೇವ್!" ಎಂದು ಕೈಮುಗಿದು ಕೂಗುತ್ತ ಮುಂದೆ ನಡೆದ. ನಾನು ಫೋನ್ ತೆಗೆದೆ. ಮೇಡಂ ನನ್ನ ಕೈ ಹಿಡಿದರು.

"ಅಮ್ಮಿಗೆ ಮಾಡಬ್ಯಾಡ. ಇನ್ನ ಗುಳಿಗಿ ತಗೊಂಡಿರಾಂಗಿಲ್ಲ. ಗಾಬರಿ ಆಗ್ತಾರ."

ದಾರಿ ಬಿಡುವಷ್ಟರಲ್ಲಿ ಅವರ ಕೈ ಸಡಿಲವಾಗಿತ್ತು. ಆಸ್ಪತ್ರೆಯಲ್ಲಿ ನಾಡಿ ನೋಡಿದ ವೈದ್ಯರು ನನ್ನನ್ನು, ನೀವು ಮಗಳೇ ಎಂದು ಕೇಳಿದರು. ಹೌದು ಎಂದೆ.

ಮಧ್ಯಾಹ್ನದ ನಮಾಜಿನ ನಂತರ ಗಂಡಸರು ಮೇಡಂ ಅವರನ್ನು ಹೊತ್ತುಕೊಂಡು ಹೋದರು. ಎದುರುಮನೆಯವರೂ ಹೆಗಲು ಕೊಟ್ಟರು. ಹೆಂಗಸರು ಒಳಮನೆಯಲ್ಲಿ ಕೂತು ಕುರಾನ್ ಓದುತ್ತಿದ್ದರು. ಅಮ್ಮಿ ಮಾತ್ರ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅತ್ತ ಗುರುತಿರಲಿಲ್ಲ. ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಕಡೀಕ ಏನಂದ್ಲು?"

"ನಿಮಗ ಫೋನ್ ಮಾಡಬ್ಯಾಡ ಅಂದ್ರು, ಅಮ್ಮಿ. ಇನ್ನ ಗುಳಿಗಿ ತಗೊಂಡಿರಾಂಗಿಲ್ಲ ಅಂದ್ರು."

ಅವರು ಒಳಮನೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ನನ್ನ ಬಗ್ಗೆ ನಿನಗ ಏನರ ಹೇಳಿದ್ಲೇನು? ಯಾವತ್ತರ?"

"ಇಲ್ಲ, ಅಮ್ಮಿ. ಏನೂ ಹೇಳಿಲ್ಲ."

"ಸುಳ್ಳು." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. "ಜ್ವರ ಮೊದಲು ನನಗ ಬಂದಿತ್ತು. ಮದುವಿಗೆ ಹೋಗೂಣ ಅಂತ ಹಟ ಹಿಡದಾಕಿ ನಾನು. ಅಕಿಗೆ ಗೊತ್ತಿತ್ತು. ಅಕಿಗೆ ಗೊತ್ತದ ಅಂತ ನನಗೂ ಗೊತ್ತಿತ್ತು. ಇವತ್ತ ಹೇಳ್ತಾಳ, ನಾಳಿಗಿ ಹೇಳ್ತಾಳ ಅಂತ ದಿನಾ ಅಂಜೀನಿ. ಅಕಿ ಬಾಯಿ ತೆಗೆಯೂದ್ರಾಗ ನಾನೇ ಬೈತಿದ್ದೆ. ಅಕಿ ಹೇಳಲೇ ಇಲ್ಲ ನೋಡು."

ಒಳಗಿನಿಂದ ಹೆಂಗಸರ ಓದು ಕೇಳುತ್ತಿತ್ತು. ಅಮ್ಮಿ ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಈಗ ನೀನರ ಹೇಳು. ನಿನ್ನ ಮಗಗ ಜಡ್ಡು ತಂದಾಕಿ ನೀನೇ ಅಂತ. ಯಾರರ ಒಬ್ರು ನನಗ ಹೇಳಬೇಕಲ್ಲ."

ಮೇಡಂ ಅಷ್ಟು ವರ್ಷ ನುಂಗಿಕೊಂಡು ಬಂದ ಮಾತದು. ಅದನ್ನು ಆಡುವ ಹಕ್ಕು ನನಗಿರಲಿಲ್ಲ. ಅಮ್ಮಿಯ ಹಿಡಿತ ಬಿಗಿಯಾಗುತ್ತಲೇ ಇತ್ತು. ಅದು ತಾನಾಗಿ ಸಡಿಲಾಗುವ ತನಕ ಕಾದೆ. ಆಮೇಲೆ ಎದ್ದು ಒಳಗೆ ಹೋಗಿ, ಅವರ ಗುಳಿಗೆ ಡಬ್ಬಿ ಎಲ್ಲಿದೆಯೆಂದು ಹುಡುಕಿ, ಒಂದು ಲೋಟ ನೀರು ತೆಗೆದುಕೊಂಡು ಬಂದೆ.